ಮುನ್ನೂರು ನೊಣಕ್ಕೆ ಒಂಬತ್ತು ನುಸಿ

ರಾಗಿಯ ಕಾಳಿನಷ್ಟು ಗಾತ್ರ, ರಾಗಿಯ ಕಾಳಿನದೇ ಬಣ್ಣ. ಅಂಗೈಯಲ್ಲಿಟ್ಟುಕೊಂಡರೆ ಧಾನ್ಯವೆಂದೇ ಭ್ರಮೆಯಾಗಬೇಕು. ಕಾಲುಗಳು ಆಡತೊಡಗಿದಾಗಲೇ ಅದಕ್ಕೆ ಜೀವವಿದೆಯೆಂದು ತಿಳಿಯುವುದು. ಇದೇ ವರೋವಾ ಎಂಬ ಹೆಸರಿನ ನುಸಿ. ತೆಂಗಿನ ನುಸಿಯ ಹಾವಳಿಯನ್ನು ಕಂಡಿರುವ ಕನ್ನಡನಾಡಿನವರಿಗೆ ನುಸಿಯೆಂಬ ಮಾತು ಹೊಸತಲ್ಲ. ಆದರೆ ತೆಂಗಿನ ನುಸಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಇದು ಕಾಣುತ್ತದೆ. ಅದು ಎಳೆಯ ಕಾಯಿಯ ರಸವನ್ನು ಹೀರಿದರೆ ಇದು ಜೇನುನೊಣದ ಮೈಯನ್ನೇ ಉಣ್ಣುತ್ತದೆ.

ಜೇನುನೊಣದ ಉದ್ದ ೧೨ರಿಂದ ೧೪ ಮಿಲಿಮೀಟರು. ನುಸಿಯ ಅಗಲ ಒಂದೂವರೆ ಮಿಲಿಮೀಟರಿಗೆ ತುಸು ಮೇಲೆ. ಇದೇ ಪ್ರಮಾಣದಲ್ಲಿ ಮನುಷ್ಯನಿಗೆ ಅಂಟಿಕೊಳ್ಳುವ ಪ್ರಾಣಿಯೊಂದಿದ್ದರೆ ಅದು ಹಬ್ಬದ ದಿನದ ಹೋಳಿಗೆಯಷ್ಟು ಅಗಲವಿರುತ್ತಿತ್ತು. ಅಂಥದೊಂದನ್ನು ಹೊಟ್ಟೆಯ ಮಡಿಕೆಯಲ್ಲಿ ಕಚ್ಚಿಸಿಕೊಂಡೇ ಬೆಳಗಾಗೆದ್ದು ದುಡಿಮೆಗೆ ಹೊರಟವನ ಪಾಡನ್ನು ಓದುಗರೇ ಊಹಿಸಬಹುದು.

ಈ ನುಸಿಗೆ ಮದ್ದಿಲ್ಲವೆಂದಲ್ಲ, ಬೇಕಾದಷ್ಟಿದೆ. ಅಮೆರಿಕದಲ್ಲಿ ಮನೆಯ ಹಿತ್ತಿಲಿನಲ್ಲಿ ಎರಡು ಪೆಟ್ಟಿಗೆ ಇಟ್ಟುಕೊಂಡವನೂ ಅಂಗಡಿಯಿಂದ ಅದನ್ನು ತರಿಸಿಕೊಳ್ಳಬಲ್ಲ. ಹಾಗಿದ್ದರೂ ಆ ದೇಶದಲ್ಲಿ ವರ್ಷ ವರ್ಷವೂ ಲಕ್ಷಗಟ್ಟಲೆ ಜೇನು ಕುಟುಂಬಗಳು ನಾಶವಾಗುತ್ತಿವೆ. ಅದಕ್ಕೆ ಕಾರಣಗಳು ಹಲವಿದ್ದರೂ ಮೊದಲ ಸಾಲಿನಲ್ಲಿ ನಿಲ್ಲುವುದು ಈ ನುಸಿಯೇ. ಮದ್ದನ್ನೇ ಹಾಕದೆ ಕಳೆದುಕೊಂಡವರು ಕೆಲವರಾದರೆ, ಹಾಕಿಯೂ ಕಳೆದುಕೊಂಡು ಕೈ ಕೈ ಹಿಸುಕಿಕೊಂಡವರು ಕೆಲವರು. ಇವರ ತಪ್ಪು ಮದ್ದಿನ ಆಯ್ಕೆಯಲ್ಲಿರಲಿಲ್ಲ, ಹೊತ್ತಿನ ಆಯ್ಕೆಯಲ್ಲಿತ್ತು. ಯಾವ ಮದ್ದು ಎಂಬ ಪ್ರಶ್ನೆಗಿಂತ ಯಾವಾಗ ಎಂಬ ಪ್ರಶ್ನೆಯೇ ಜೇನುಸಾಕಣೆಗಾರನನ್ನು ಹೆಚ್ಚು ಕಾಡುವುದು.

ತವರಿನಲ್ಲಿ ಸಾಧು

ಈ ನುಸಿಯ ತವರು ಏಷ್ಯಾ ಖಂಡ. ಕೊಡಗಿನ ಕಾಫಿ ತೋಟಗಳ ನೆರಳಿನಲ್ಲಿ, ಮಲೆನಾಡಿನ ಮನೆಗಳ ಹಿತ್ತಿಲಿನಲ್ಲಿ ಪೆಟ್ಟಿಗೆಯೊಳಗೆ ಸಾಕುವ ತುಡುವೆ ಜೇನುಂಟಲ್ಲ, ಆ ಜಾತಿಯೇ ವರೋವಾ ಬಳಗದ ಹಳೆಯ ಆಸರೆ. ಜಾವಾ ದ್ವೀಪದ ತುಡುವೆ ಜಾತಿಯ ಮೇಲೆ ಸಿಕ್ಕಿದ ನುಸಿಯನ್ನು ಡಚ್ ವಿಜ್ಞಾನಿ ಔಡೆಮಾನ್ಸ್ ೧೯೦೪ರಲ್ಲಿ ವರ್ಣಿಸಿ, ಪ್ರಾಚೀನ ರೋಮಿನ ವಿದ್ವಾಂಸ ವಾರೋನ ನೆನಪಿಗೆ ಅದಕ್ಕೆ ಹೆಸರಿಟ್ಟನು. ವಾರೋ ಬೇಸಾಯದ ವಿಚಾರವಾಗಿ ಗ್ರಂಥ ಬರೆದು ಅದರಲ್ಲಿ ಜೇನುಸಾಕಣೆಯನ್ನೂ ವಿವರಿಸಿದ್ದವನು. ಜೇನನ್ನು ಮೆಚ್ಚಿದವನ ಹೆಸರು ಜೇನಿನ ವೈರಿಗೇ ಅಂಟಿಕೊಂಡದ್ದು ವಿಧಿಯ ಕುಚೇಷ್ಟೆಯೆನ್ನಬೇಕು.

ತುಡುವೆಗೂ ಈ ನುಸಿಗೂ ಸಾವಿರಾರು ವರ್ಷಗಳ ಒಡನಾಟ. ಅಲ್ಲಿ ನುಸಿಯು ಗಂಡುನೊಣಗಳ ಕಣಗಳಲ್ಲಿ ಮಾತ್ರವೇ ಸಂತಾನವನ್ನು ಬೆಳೆಸಬಲ್ಲುದು. ಗಂಡುನೊಣಗಳಾದರೋ ವರ್ಷದಲ್ಲಿ ಕೆಲವು ಕಾಲ ಮಾತ್ರ ಹುಟ್ಟುವಂಥವು. ನುಸಿ ಹೊಕ್ಕ ಕೆಲಸಗಾರ ನೊಣದ ಮರಿಯನ್ನು ತುಡುವೆಗಳು ಮೂಸಿ ಗುರುತಿಸಿ ಹೊರಗೆಸೆಯುತ್ತವೆ. ಮೈಮೇಲೆ ಹತ್ತಿದ ನುಸಿಯನ್ನು ಒಂದು ಇನ್ನೊಂದರ ಮೈಯಿಂದ ಬಿಡಿಸಿ ಕಚ್ಚಿ ಹಾಕುವುದೂ ಉಂಟು. ಹೀಗಾಗಿ ತುಡುವೆಯನ್ನು ಸಾಕುವ ಕನ್ನಡಿಗನು ವರೋವಾದ ಹೆಸರನ್ನೇ ಕೇಳದೆ ಒಂದು ಜನ್ಮವನ್ನು ಕಳೆಯಬಲ್ಲನು. ಅವನ ಕಷ್ಟಗಳು ಬೇರೆ: ೧೯೯೧-೯೨ರಲ್ಲಿ ದಕ್ಷಿಣ ಭಾರತಕ್ಕೆ ಬಂದಿಳಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ತುಡುವೆ ಪೆಟ್ಟಿಗೆಗಳನ್ನು ಊರಿಗೂರೇ ಬರಿದು ಮಾಡಿದ್ದನ್ನು ಹಳಬರು ಇನ್ನೂ ಮರೆತಿಲ್ಲ.

ಯುರೋಪಿನ ಜೇನು ಮೆಲ್ಲಿಫೆರಾ. ಅದಕ್ಕೆ ಈ ನೆಂಟನ ಪರಿಚಯವೇ ಇರಲಿಲ್ಲ. ಹೆಚ್ಚು ಜೇನು ಕೊಡುವುದೆಂಬ ಕಾರಣಕ್ಕೆ ಮನುಷ್ಯನು ಆ ಪೆಟ್ಟಿಗೆಗಳನ್ನು ಏಷ್ಯಾದ ಪೂರ್ವದಂಚಿನವರೆಗೆ ಹೊತ್ತೊಯ್ದನು; ಎರಡು ಜಾತಿಗಳೂ ಅಕ್ಕಪಕ್ಕದಲ್ಲಿ ನಿಂತವು; ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ನುಸಿಯು ಮನೆ ಬದಲಾಯಿಸಿತ್ತು. ಅಲ್ಲಿಂದ ಮುಂದಕ್ಕೆ ಅದರ ಯಾತ್ರೆ ಪೆಟ್ಟಿಗೆಗಳ ಸಂಗಡವೇ. ೧೯೮೭ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ, ೧೯೯೨ರಲ್ಲಿ ಇಂಗ್ಲೆಂಡ್, ೨೦೦೦ದಲ್ಲಿ ನ್ಯೂಜಿಲೆಂಡ್. ಬಹುಕಾಲ ತಡೆದು ನಿಂತಿದ್ದ ಆಸ್ಟ್ರೇಲಿಯದ ನ್ಯೂಕ್ಯಾಸಲ್ ಬಂದರಿನಲ್ಲಿ ೨೦೨೨ರ ಜೂನ್ ತಿಂಗಳಲ್ಲಿ ಅದು ಕಾಣಿಸಿಕೊಂಡಿತು. ಸಾವಿರಾರು ಪೆಟ್ಟಿಗೆಗಳನ್ನು ನಾಶಮಾಡಿ ಬೇರುಸಹಿತ ಕೀಳಲು ಹೊರಟ ಅಲ್ಲಿಯ ಸರ್ಕಾರ ೨೦೨೩ರ ಸೆಪ್ಟೆಂಬರಿನಲ್ಲಿ ಸೋಲನ್ನೊಪ್ಪಿತು. ಈ ವಲಸೆಗಾರ ನುಸಿಯು ಜಾವಾದ್ದಲ್ಲ, ಅದರ ದಾಯಾದಿಯಾದ ಬೇರೊಂದು ಜಾತಿ ಎಂಬುದು ಗೊತ್ತಾದದ್ದೇ ೨೦೦೦ದಲ್ಲಿ. ಅದನ್ನು ಕಂಡುಹಿಡಿದ ಆಂಡರ್‌ಸನ್ ಮತ್ತು ಟ್ರೂಮನ್ ಎಂಬ ವಿಜ್ಞಾನಿಗಳು ‘ಡಿಸ್ಟ್ರಕ್ಟರ್’, ಅಂದರೆ ವಿನಾಶಕ, ಎಂದೇ ಹೆಸರಿಟ್ಟರು. ಈ ಬಾರಿ ಹೆಸರು ತಪ್ಪಲಿಲ್ಲ.

ಮೇಣದ ಮುಚ್ಚಳದ ಹಿಂದೆ

ಜೇನಿನ ಮರಿಹುಳು ಬೆಳೆದು ದುಂಡಗಾದಾಗ ದಾದಿನೊಣಗಳು ಅದರ ಕಣಕ್ಕೆ ಮೇಣದ ಮುಚ್ಚಳ ಹಾಕುತ್ತವೆ. ಒಳಗೆ ಹುಳು ನೊಣವಾಗಿ ಮಾರ್ಪಡಬೇಕು. ಮುಚ್ಚಳ ಬೀಳಲು ಇನ್ನೇನು ಕೆಲವು ಗಂಟೆಗಳಿರುವಾಗ ತಾಯಿನುಸಿಯು ಸದ್ದಿಲ್ಲದೆ ಒಳಗೆ ನುಗ್ಗಿ, ಹುಳುವಿನ ಆಹಾರದ ಅಡಿಯಲ್ಲಿ ಅಡಗಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಸುಮಾರು ಮೂರು ದಿನಕ್ಕೆ ಮೊದಲ ಮೊಟ್ಟೆ; ಅದು ಗಂಡು. ಆಮೇಲೆ ಮೂವತ್ತು ಗಂಟೆಗೊಂದರಂತೆ ಹೆಣ್ಣು. ಕತ್ತಲ ಕೋಣೆಯಲ್ಲಿ ಅಣ್ಣತಂಗಿಯರೇ ಕೂಡುತ್ತವೆ. ಹನ್ನೆರಡು ದಿನಗಳ ನಂತರ ಕೆಲಸಗಾರ ನೊಣ ಮುಚ್ಚಳ ಕಡಿದು ಹೊರಬಂದಾಗ ಅದರೊಡನೆ ತಾಯಿನುಸಿಯೂ ಬಲಿತ ಒಂದೆರಡು ಹೆಣ್ಣುಮಕ್ಕಳೂ ಹೊರಬರುತ್ತವೆ. ಗಂಡುನೊಣದ ಕಣವಾದರೆ ಇನ್ನೂ ಎರಡು ಮೂರು ದಿನ ಹೆಚ್ಚಿನ ಬಿಡುವು, ಇನ್ನಷ್ಟು ಮಕ್ಕಳು.

ನುಸಿಯು ಜೇನಿನ ರಕ್ತವನ್ನು ಹೀರುತ್ತದೆಂದು ಹಲವು ದಶಕಗಳ ಕಾಲ ಪುಸ್ತಕಗಳು ಹೇಳುತ್ತಿದ್ದವು. ಅಮೆರಿಕದ ಸ್ಯಾಮ್ಯುಯೆಲ್ ರ‍್ಯಾಮ್ಸೆ ಮತ್ತು ಸಂಗಡಿಗರು ೨೦೧೯ರಲ್ಲಿ ಪ್ರಕಟಿಸಿದ ಸಂಶೋಧನೆಯು ಬೇರೆಯೇ ಸಂಗತಿಯನ್ನು ತೋರಿಸಿತು: ನುಸಿಯು ಉಣ್ಣುವುದು ಮುಖ್ಯವಾಗಿ ಜೇನಿನ ಕೊಬ್ಬಿನ ಅಂಗವನ್ನು. ಹೆಸರಿಗೆ ಕೊಬ್ಬಾದರೂ ಅದು ನಮ್ಮ ಯಕೃತ್ತಿನ ಕೆಲಸವನ್ನು ಮಾಡುವ ಅಂಗ; ವಿಷವನ್ನು ಕಳೆಯುವುದು, ರೋಗವನ್ನು ತಡೆಯುವುದು, ಪುಷ್ಟಿಯನ್ನು ಕೂಡಿಡುವುದು ಎಲ್ಲವೂ ಅದರದೇ. ಸಾಲದ್ದಕ್ಕೆ ನುಸಿಯ ಬಾಯಿ ಚುಚ್ಚುಸೂಜಿಯಂತೆ ವೈರಸ್ಸುಗಳನ್ನೂ ಒಳಕ್ಕಿಳಿಸುತ್ತದೆ. ಅವುಗಳಲ್ಲಿ ಕುಖ್ಯಾತವಾದದ್ದು ರೆಕ್ಕೆಯನ್ನು ಮುದುರಿಸುವ ವೈರಸ್. ಸುಕ್ಕುಗಟ್ಟಿದ ಕಾಗದದ ಚೂರಿನಂಥ ರೆಕ್ಕೆಗಳನ್ನು ಹೊತ್ತು, ಹಾರಲಾರದೆ, ಪೆಟ್ಟಿಗೆಯ ಮುಂದಿನ ಹುಲ್ಲಿನಲ್ಲಿ ತೆವಳುವ ಎಳೆಯ ನೊಣಗಳು ಕಾಣಿಸಿಕೊಂಡವೆಂದರೆ ಆ ಮನೆಗೆ ನುಸಿ ಬಂದು ಬಹಳ ದಿನಗಳಾದವೆಂದೇ ಅರ್ಥ. ಕಣ್ಣಿಗೆ ಕಾಣುವ ಲಕ್ಷಣವನ್ನು ಕಾಯುತ್ತ ಕೂತವನು ತಡಮಾಡಿದನು.

ಇಲ್ಲಿಯ ಲೆಕ್ಕ ಚಕ್ರಬಡ್ಡಿಯ ಲೆಕ್ಕ. ಗೂಡಿನಲ್ಲಿ ಮರಿಗಳು ಬೆಳೆಯುತ್ತಿರುವಷ್ಟು ಕಾಲ ನುಸಿಯ ಸಂಖ್ಯೆಯು ಸುಮಾರಾಗಿ ತಿಂಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ಏಪ್ರಿಲ್ ಮೊದಲಲ್ಲಿ ೫೦ ಇದ್ದವೆಂದು ಇಟ್ಟುಕೊಂಡರೆ, ಜುಲೈಗೆ ೪೦೦, ಆಗಸ್ಟಿಗೆ ೮೦೦, ಸೆಪ್ಟೆಂಬರಿಗೆ ೧,೬೦೦. ಜೇನಿನ ಸಂಖ್ಯೆಯ ಹಾದಿ ಇದಕ್ಕೆ ವ್ಯತಿರಿಕ್ತ. ಅಮೆರಿಕದ ಉತ್ತರ ಸಂಸ್ಥಾನಗಳಲ್ಲಿ ಅದು ಜೂನ್ ಜುಲೈ ಹೊತ್ತಿಗೆ ತುತ್ತತುದಿಗೇರಿ, ನಲವತ್ತು ಐವತ್ತು ಸಾವಿರವನ್ನು ಮುಟ್ಟಿ, ಆಗಸ್ಟಿನಿಂದ ಇಳಿಯತೊಡಗುತ್ತದೆ. ರಾಣಿಯು ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ. ಮರಿಯ ಕಣಗಳು ಕುಗ್ಗುತ್ತವೆ. ನುಸಿಗಳು ಮಾತ್ರ ಏರುತ್ತಲೇ ಇರುತ್ತವೆ. ಮೊದಲು ಇಪ್ಪತ್ತು ಕಣಗಳಲ್ಲಿ ಒಂದಕ್ಕೆ ಹೊಕ್ಕುತ್ತಿದ್ದ ನುಸಿ ಈಗ ನಾಲ್ಕರಲ್ಲೊಂದಕ್ಕೆ, ಒಂದೊಂದರಲ್ಲಿ ಎರಡು ಮೂರು ಹೊಕ್ಕುವಂತಾಗುತ್ತದೆ. ಗೂಡು ಅತ್ಯಂತ ತುಂಬಿ ತುಳುಕುತ್ತ, ಜೇನಿನಿಂದ ಭಾರವಾಗಿ, ನೋಡಿದವರು ಭೇಷೆನ್ನುವಂತೆ ಇರುವ ಕಾಲದಲ್ಲೇ ಅದರ ಕೇಡು ಒಳಗೊಳಗೆ ಕೂಡಿಬಂದಿರುತ್ತದೆ.

ಈ ಹೊತ್ತಿನಲ್ಲಿಯೇ ಹುಟ್ಟಬೇಕು ಚಳಿಗಾಲದ ನೊಣಗಳು. ಇದೇ ಇಡೀ ವಿಚಾರದ ಮರ್ಮ. ಬೇಸಗೆಯಲ್ಲಿ ಹುಟ್ಟಿದ ಕೆಲಸಗಾರ ನೊಣಕ್ಕೆ ಐದಾರು ವಾರ ಆಯುಷ್ಯ. ದುಡಿದು ದುಡಿದು ರೆಕ್ಕೆ ಹರಿದು ಸಾಯುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರಿನವರೆಗೆ ಹುಟ್ಟುವ ನೊಣಗಳ ಜಾಯಮಾನವೇ ಬೇರೆ. ಅವುಗಳ ಮೈಯಲ್ಲಿ ಕೊಬ್ಬಿನ ಅಂಗ ತುಂಬಿರುತ್ತದೆ. ಅವು ಐದಾರು ತಿಂಗಳು ಬದುಕಬೇಕು. ಹೊರಗೆ ಹಿಮ ಬಿದ್ದಿರುವಾಗ ರಾಣಿಯನ್ನು ನಡುವಿಟ್ಟುಕೊಂಡು ಮುದ್ದೆಯಾಗಿ ಕೂತು, ಮೈಸ್ನಾಯುಗಳನ್ನು ನಡುಗಿಸಿ ಬಿಸಿ ಹುಟ್ಟಿಸುತ್ತ, ಬರುವ ವಸಂತದ ಮೊದಲ ಮರಿಗಳಿಗೆ ಹಾಲೂಡಿಸುವವರೆಗೆ ಜೀವ ಹಿಡಿದಿರಬೇಕು. ನುಸಿಯು ತಿನ್ನುವುದು ಆ ಕೂಡಿಟ್ಟ ಗಂಟನ್ನೇ. ಕಣದೊಳಗೆ ನುಸಿ ಕಚ್ಚಿದ ನೊಣ ಹೊರಗೆ ಬಂದಾಗ ನೋಡಲು ಚೆನ್ನಾಗಿಯೇ ಇರಬಹುದು. ಆದರೆ ಆರು ತಿಂಗಳು ಬಾಳಬೇಕಾದದ್ದು ಆರು ವಾರಕ್ಕೆ ಸಾಯುತ್ತದೆ. ಆಮೇಲೆ ಎಷ್ಟು ಮದ್ದು ಹಾಕಿ ನುಸಿಗಳನ್ನೆಲ್ಲ ಕೊಂದರೂ ಹುಟ್ಟುವಾಗಲೇ ಕೆಟ್ಟ ಮೈ ಸರಿಹೋಗದು.

ಆದುದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಚಳಿಗಾಲದ ನೊಣ ಆರೋಗ್ಯವಾಗಿ ಹುಟ್ಟಬೇಕಾದರೆ ಅದಕ್ಕೆ ಉಣಿಸುವ ದಾದಿನೊಣವೂ ಆರೋಗ್ಯವಾಗಿರಬೇಕು. ದಾದಿಯು ಹುಟ್ಟಿದ್ದು ಅದಕ್ಕಿಂತ ಒಂದೆರಡು ವಾರ ಮುಂಚೆ, ಮರಿಯಾಗಿದ್ದದ್ದು ಇನ್ನೂ ಮೂರು ವಾರ ಮುಂಚೆ. ನ್ಯೂಯಾರ್ಕ್ ಸಂಸ್ಥಾನದಂಥ ಕಡೆ ಆಗಸ್ಟ್ ನಡುವಿನ ಹೊತ್ತಿಗೆ ನುಸಿಗಳು ತಗ್ಗಿರಬೇಕೆಂದು ಬಲ್ಲವರು ಹೇಳುವುದು ಈ ಕಾರಣಕ್ಕೇ. ಜನವರಿಯ ಸಾವಿಗೆ ಆಗಸ್ಟಿನಲ್ಲಿ ಮದ್ದು!

ಒಂದಗುಳು ಸಾಲದು

ಹಾಗಾದರೆ ತಾರೀಖು ನೋಡಿ ಮದ್ದು ಹಾಕಿಬಿಟ್ಟರಾಯಿತಲ್ಲ, ಎಣಿಸುವ ಗೋಜೇಕೆ? ಹೀಗೆ ಕೇಳುವವರು ಅಲ್ಲಿಯೂ ಇದ್ದಾರೆ. ಹೊಸಬರಿಗೆ ಅದೇ ಕ್ಷೇಮವೆಂದು ಹೇಳುವ ಅನುಭವಿಗಳೂ ಇಲ್ಲದಿಲ್ಲ. ಆದರೆ ಒಂದೇ ಸಾಲಿನಲ್ಲಿ ನಿಂತ ನಾಲ್ಕು ಪೆಟ್ಟಿಗೆಗಳಲ್ಲಿ ಒಂದಕ್ಕೆ ಜೂನ್ ತಿಂಗಳಲ್ಲೇ ಮದ್ದು ಬೇಕಾಗಬಹುದು, ಇನ್ನೊಂದಕ್ಕೆ ಆಗಸ್ಟಿನಲ್ಲಿಯೂ ಬೇಡವಾಗಬಹುದು. ಬೇಡದ ಮದ್ದಿಗೆ ಬೆಲೆಯಿಲ್ಲದಿಲ್ಲ: ಕೆಲವು ಮೇಣದಲ್ಲಿ ಇಂಗಿ ವರ್ಷಗಟ್ಟಲೆ ಉಳಿಯುತ್ತವೆ; ಎಲ್ಲಕ್ಕಿಂತ ಮಿಗಿಲಾಗಿ, ಅದೇ ಮದ್ದನ್ನು ಮತ್ತೆ ಮತ್ತೆ ಕಂಡ ನುಸಿಯ ವಂಶ ಅದಕ್ಕೆ ಒಗ್ಗಿಹೋಗುತ್ತದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿದರೆ ಸಾಕು. ನುಸಿಯ ಲೆಕ್ಕಕ್ಕೆ ಮುನ್ನೂರು ಬೇಕು. ಮರಿಗಳಿರುವ ಎರಿಯೊಂದನ್ನು ಮೇಲಕ್ಕೆತ್ತಿ, ರಾಣಿಯು ಅದರ ಮೇಲಿಲ್ಲವೆಂದು ಒಮ್ಮೆಗೆ ಎರಡು ಸಲ ನೋಡಿಕೊಂಡು, ನೊಣಗಳನ್ನು ತಟ್ಟೆಗೆ ಕೊಡವಿ, ಅರ್ಧ ಬಟ್ಟಲು ಮೊಗೆದುಕೊಂಡರೆ ಸುಮಾರು ೩೦೦ ನೊಣಗಳಾಗುತ್ತವೆ. ಅವನ್ನು ಸ್ಪಿರಿಟ್ ತುಂಬಿದ ಜಾಡಿಗೆ ಹಾಕಿ ಒಂದು ನಿಮಿಷ ಅಲುಗಿಸಿದರೆ ನುಸಿಗಳು ಕಳಚಿ ತಳ ಸೇರುತ್ತವೆ. ಜಾಲರಿಯಲ್ಲಿ ಸೋಸಿ ಎಣಿಸುವುದು. ಮೂರು ಸಿಕ್ಕರೆ ನೂರಕ್ಕೆ ಒಂದು. ಒಂಬತ್ತು ಸಿಕ್ಕರೆ ನೂರಕ್ಕೆ ಮೂರು.

ಸ್ಪಿರಿಟ್ಟಿನಲ್ಲಿ ಮುನ್ನೂರು ನೊಣಗಳು ಸಾಯುತ್ತವೆಂಬುದು ನಿಜ. ಸಾಕಿದ ಕೈಯಿಂದಲೇ ಕೊಲ್ಲಲು ಮನಸ್ಸೊಪ್ಪದವರು ಪುಡಿಸಕ್ಕರೆಯನ್ನು ಬಳಸುತ್ತಾರೆ. ಸಕ್ಕರೆಯ ಹುಡಿಯಲ್ಲಿ ಹೊರಳಿಸಿದಾಗ ನುಸಿಗಳ ಕಾಲಿನ ಹಿಡಿತ ತಪ್ಪುತ್ತದೆ. ಜಾಲರಿಯ ಮೂಲಕ ಅವನ್ನು ಉದುರಿಸಿ, ಬೆಳ್ಳಗೆ ವೇಷ ಹಾಕಿದಂತಾದ ನೊಣಗಳನ್ನು ಗೂಡಿಗೆ ಮರಳಿಸಬಹುದು. ಒಡಹುಟ್ಟಿದವರು ನೆಕ್ಕಿ ಶುಚಿ ಮಾಡುತ್ತವೆ. ಆದರೆ ಈ ಎಣಿಕೆ ತುಸು ಕಡಿಮೆ ತೋರಿಸುವುದುಂಟು; ಹವೆಯಲ್ಲಿ ತೇವವಿದ್ದರಂತೂ ಸಕ್ಕರೆ ಮುದ್ದೆಗಟ್ಟಿ ಲೆಕ್ಕವೇ ಕೆಡುತ್ತದೆ. ಮುನ್ನೂರರ ಪ್ರಾಣಕ್ಕೆ ಮರುಗುವುದು ಮನುಷ್ಯಸಹಜ. ಆದರೆ ಬೇಸಗೆಯ ರಾಣಿಯು ದಿನವೊಂದಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆಂಬುದನ್ನು ನೆನೆದರೆ, ಆ ನಷ್ಟವು ಒಂದು ಹಗಲಿನೊಳಗೇ ತುಂಬಿಬರುವಂಥದು. ತಪ್ಪು ಲೆಕ್ಕದಿಂದ ಇಡೀ ಸಂಸಾರವನ್ನು ಕಳೆದುಕೊಳ್ಳುವುದಕ್ಕಿಂತ ಅದು ಲೇಸೆಂದೇ ಹೇಳಬೇಕು.

ನೂರಕ್ಕೆ ಮೂರು ಎಂದರೆ ಅಲ್ಪವೆಂದು ತೋರಬಹುದು. ಆದರೆ ಜಾಡಿಗೆ ಬಂದದ್ದು ನೊಣಗಳ ಮೈಮೇಲಿದ್ದ ನುಸಿಗಳು ಮಾತ್ರ. ಮರಿಗಳು ತುಂಬಿರುವ ಕಾಲದಲ್ಲಿ ಇದರ ಎರಡರಷ್ಟಾದರೂ, ಕೆಲವೊಮ್ಮೆ ಇನ್ನೂ ಹೆಚ್ಚು, ಮೇಣದ ಮುಚ್ಚಳಗಳ ಹಿಂದೆ ಅಡಗಿರುತ್ತವೆ. ಮೂವತ್ತು ಸಾವಿರ ನೊಣಗಳ ಗೂಡಿನಲ್ಲಿ ನೂರಕ್ಕೆ ಮೂರು ಎಂದರೆ ಮೈಮೇಲೆ ೯೦೦, ಒಟ್ಟು ೨,೭೦೦ಕ್ಕೆ ಕಡಿಮೆಯಿಲ್ಲ. ಬೇಸಗೆಯ ಕೊನೆಯಲ್ಲಿ ನೂರಕ್ಕೆ ಎರಡು ಮೂರು ಕಂಡರೆ ಇನ್ನು ಕಾಯಬಾರದೆಂಬುದು ಅಮೆರಿಕದಲ್ಲಿ ಬಹುಮಂದಿ ಒಪ್ಪಿರುವ ಗೆರೆ. ವಸಂತದಲ್ಲಿಯಾದರೆ ನೂರಕ್ಕೆ ಒಂದು ಕಂಡರೂ ಎಚ್ಚರ; ಏಕೆಂದರೆ ಅದರ ಮುಂದೆ ಇನ್ನೂ ನಾಲ್ಕೈದು ಇಮ್ಮಡಿಗಳಿವೆ. ನುಸಿ ಬಂದ ಮೊದಲ ವರ್ಷಗಳಲ್ಲಿ ಈ ಗೆರೆ ಇನ್ನೂ ಮೇಲಿತ್ತು. ವೈರಸ್ಸುಗಳ ಕಾಟ ಹೆಚ್ಚಿದಂತೆ ಅದು ಕೆಳಗಿಳಿದು ಬಂದಿದೆ.

ಆಗಸ್ಟಿನ ಇಕ್ಕಟ್ಟು

ಎಣಿಸಿದ್ದಾಯಿತು, ಒಂಬತ್ತು ಸಿಕ್ಕಿತು. ತಾರೀಖು ಆಗಸ್ಟ್ ೧೦. ಮದ್ದು ಹಾಕಲು ಅಡ್ಡಿಯೇನು? ಅಡ್ಡಿ ಜೇನು.

ನ್ಯೂಯಾರ್ಕಿನ ಬಯಲುಗಳಲ್ಲಿ ಆಗಸ್ಟ್ ಕೊನೆಗೆ ಗೋಲ್ಡನ್‌ರಾಡ್ ಎಂಬ ಹಳದಿ ಹೂವು ಅರಳುತ್ತದೆ. ಕಣ್ಣು ಹಾಯುವಷ್ಟು ದೂರವೂ ಅರಿಸಿನ ಚೆಲ್ಲಿದಂತೆ. ವರ್ಷದ ಕೊನೆಯ ದೊಡ್ಡ ಸುಗ್ಗಿಯದು. ಅದರ ಜೇನು ಬೇಕೆಂದರೆ ಪೆಟ್ಟಿಗೆಯ ಮೇಲಿನ ಜೇನುಕೋಣೆಗಳನ್ನು ಸೆಪ್ಟೆಂಬರಿನವರೆಗೆ ಇಟ್ಟಿರಬೇಕು. ಜೇನುಕೋಣೆ ಇರುವಾಗ ಹಲವು ಮದ್ದುಗಳನ್ನು ಹಾಕುವಂತಿಲ್ಲ. ಮನುಷ್ಯನು ಉಣ್ಣುವ ಜೇನಿಗೆ ಅದರ ಸೋಂಕು ತಗಲಬಾರದು. ಇನ್ನೊಂದು ತಿಂಗಳು ಕಾದರೆ ಜೇನೂ ಸಿಕ್ಕೀತು, ಆಮೇಲೆ ಮದ್ದೂ ಹಾಕಬಹುದು ಎಂದು ಮನಸ್ಸು ಹೇಳುತ್ತದೆ. ಆ ಒಂದು ತಿಂಗಳಲ್ಲೇ ಚಳಿಗಾಲದ ನೊಣಗಳ ಮೊದಲ ಪಂಕ್ತಿ ಕಣಗಳಲ್ಲಿ ಬೆಳೆಯುತ್ತಿರುತ್ತದೆ. ದುಡ್ಡಿಗಾಗಿ ಜೇನು ಸಾಕುವವನಿಗೆ ಇದು ಸಣ್ಣ ಪರೀಕ್ಷೆಯಲ್ಲ. ಕೈಗೆ ಬಂದ ತುತ್ತನ್ನು, ಕಣ್ಣಿಗೆ ಕಾಣದ ಕೇಡಿನ ಲೆಕ್ಕವನ್ನು ನಂಬಿ ಬಿಡಬೇಕು.

ಜೇನುಕೋಣೆಗಳಿದ್ದಾಗಲೂ ಹಾಕಬಹುದಾದ ಮದ್ದೊಂದಿದೆ: ಫಾರ್ಮಿಕ್ ಆಮ್ಲ. ಇರುವೆ ಕಚ್ಚಿದಾಗ ಉರಿ ಹುಟ್ಟಿಸುವ ಆಮ್ಲವೇ ಅದು. ಹೆಸರು ಬಂದದ್ದೂ ಇರುವೆಯ ಲ್ಯಾಟಿನ್ ಹೆಸರಿನಿಂದ. ಅದರ ಆವಿಗೆ ಮೇಣದ ಮುಚ್ಚಳವನ್ನು ದಾಟಿ ಒಳಗಿನ ನುಸಿಯನ್ನೂ ಕೊಲ್ಲುವ ಶಕ್ತಿಯುಂಟು. ಆದರೆ ಹೊರಗಿನ ಬಿಸಿಲು ೨೯ ಡಿಗ್ರಿ ಸೆಲ್ಸಿಯಸ್ ದಾಟಿದರೆ ಆವಿ ಒಮ್ಮೆಲೇ ಎದ್ದು ಮರಿಗಳನ್ನೂ, ಕೆಲವೊಮ್ಮೆ ರಾಣಿಯನ್ನೂ ಬಲಿ ತೆಗೆದುಕೊಳ್ಳುತ್ತದೆ. ಆಗಸ್ಟ್ ತಿಂಗಳೆಂದರೆ ಅಲ್ಲಿ ಬೇಸಗೆಯ ಕಾವು ಇನ್ನೂ ಆರಿರುವುದಿಲ್ಲ. ಆದುದರಿಂದ ಮದ್ದನ್ನು ಕೈಯಲ್ಲಿ ಹಿಡಿದವನು ಆಕಾಶವಾಣಿಯ ಹವಾವರ್ತಮಾನಕ್ಕೆ ಕಿವಿಗೊಟ್ಟು, ಮೂರು ತಂಪು ದಿನಗಳು ಒಟ್ಟಿಗೆ ಬರುವುದನ್ನು ಕಾಯುತ್ತಾನೆ.

ಥೈಮಾಲ್ ಇನ್ನೊಂದು. ಅದರ ವಾಸನೆ ಕನ್ನಡದ ಮನೆಗಳಿಗೆ ಹೊಸದಲ್ಲ. ಓಮದ ಕಾಳಿನ ಘಾಟಿಗೆ ಕಾರಣವಾದದ್ದು ಅದೇ. ಅದಕ್ಕೆ ಫಾರ್ಮಿಕ್ ಆಮ್ಲದ ವಿರುದ್ಧ ಸ್ವಭಾವ: ಬೆಚ್ಚಗಿದ್ದರೆ ಮಾತ್ರ ಆವಿಯೇಳುತ್ತದೆ, ಹವೆ ೧೫ ಡಿಗ್ರಿಗಿಂತ ಕೆಳಗಿಳಿದರೆ ಸೋಮಾರಿಯಾಗುತ್ತದೆ. ಜೇನಿಗೆ ಓಮದ ವಾಸನೆ ಹತ್ತುವುದರಿಂದ ಜೇನುಕೋಣೆ ತೆಗೆದ ಮೇಲೆಯೇ ಅದರ ಸರದಿ. ಅಮಿಟ್ರಾಜ್ ಲೇಪಿಸಿದ ಪಟ್ಟಿಗಳು ಬಳಸಲು ಎಲ್ಲಕ್ಕಿಂತ ಸುಲಭ, ಎರಿಗಳ ನಡುವೆ ತೂಗಿಬಿಟ್ಟರಾಯಿತು. ಆದರೆ ಕೆಲಸ ಮುಗಿಸಲು ಆರರಿಂದ ಎಂಟು ವಾರ ಬೇಕು. ಅಕ್ಟೋಬರಿನಲ್ಲಿ ತೂಗಿದರೆ ನುಸಿಗಳು ಸತ್ತು ಬೀಳುವುದನ್ನು ನೋಡಿ ಸಂತೋಷಪಡಬಹುದು. ಗೂಡು ಉಳಿದೀತೆಂಬ ಭರವಸೆಯಿಲ್ಲ.

ಸುಲಭವಾದದ್ದನ್ನೇ ಎಲ್ಲರೂ ಎಂದೆಂದೂ ಬಳಸುತ್ತ ಹೋದರೆ ಏನಾಗುತ್ತದೆಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ಮೊದಲು ಫ್ಲುವ್ಯಾಲಿನೇಟ್ ಬಂತು; ೧೯೯೦ರ ದಶಕದ ಕೊನೆಯ ಹೊತ್ತಿಗೆ ನುಸಿಗಳು ಅದನ್ನು ಅರಗಿಸಿಕೊಂಡವು. ಕೌಮಾಫಾಸ್ ಬಂತು, ಕೆಲವೇ ವರ್ಷಗಳಲ್ಲಿ ಅದೂ ಮೊಂಡಾಯಿತು. ಆಮೇಲೆ ಅಮಿಟ್ರಾಜ್. ೨೦೨೪-೨೫ರ ಚಳಿಗಾಲದಲ್ಲಿ ಅಮೆರಿಕದ ದೊಡ್ಡ ಉದ್ಯಮಿಗಳು ತಮ್ಮ ಜೇನು ಕುಟುಂಬಗಳಲ್ಲಿ ನೂರಕ್ಕೆ ಸುಮಾರು ೬೦ನ್ನು ಕಳೆದುಕೊಂಡರು. ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳು ಹೂಬಿಡುವ ಹೊತ್ತಿಗೆ ದೇಶದ ಮೂಲೆಮೂಲೆಗಳಿಂದ ಲಾರಿಗಳಲ್ಲಿ ಜೇನುಪೆಟ್ಟಿಗೆಗಳು ಅಲ್ಲಿಗೆ ಬರಬೇಕು. ಹಲವರು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ್ದು ಆಗಲೇ. ಸರ್ಕಾರದ ಕೃಷಿ ವಿಜ್ಞಾನಿಗಳು ಆ ಗೂಡುಗಳಿಂದ ತೆಗೆದು ಪರೀಕ್ಷಿಸಿದ ನುಸಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಮಿಟ್ರಾಜನ್ನು ತಾಳಿಕೊಳ್ಳುವ ಗುಣವನ್ನು ಹೊತ್ತಿದ್ದವು.

ಹೀಗೆ ಸತ್ತ ಗೂಡಿನ ನೋಟ ವಿಚಿತ್ರ. ಹೆಣಗಳ ರಾಶಿಯಿರುವುದಿಲ್ಲ. ಎರಿಗಳ ತುಂಬ ಜೇನು, ನಡುವೆ ಅಂಗೈಯಗಲದ ಜಾಗದಲ್ಲಿ ಒಂದು ಹಿಡಿ ನೊಣಗಳು, ಅಷ್ಟೇ. ರೋಗದ ನೊಣಗಳು ಗೂಡು ಬಿಟ್ಟು ಹೊರಹೋಗಿ ಸತ್ತಿರುತ್ತವೆ. ಬರಿದಾದ ಮರಿಕಣಗಳ ಒಳಮೇಲ್ಭಾಗದಲ್ಲಿ ಸುಣ್ಣದ ಚುಕ್ಕೆಗಳಂಥ ಬಿಳಿಯ ಗುರುತುಗಳು ಕಂಡರೆ, ಅವು ನುಸಿಯ ಮಲ. ಚಳಿಗೆ ಸತ್ತವು, ಉಪವಾಸದಿಂದ ಸತ್ತವು ಎಂದು ಹೇಳುವವರಿಗೆ ಆ ಚುಕ್ಕೆಗಳು ಬೇರೆಯೇ ಸಾಕ್ಷಿ ಹೇಳುತ್ತವೆ.

ಮದ್ದೇ ಬೇಡವೆನ್ನುವವರ ಪಂಗಡವೊಂದಿದೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನ್ಯೂಯಾರ್ಕ್ ಸಂಸ್ಥಾನದ ಇಥಾಕಾ ಊರಿನ ಬಳಿ ಆರ್ನಾಟ್ ಎಂಬ ಅರಣ್ಯವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ ಅಲ್ಲಿಯ ಮರದ ಪೊಟರೆಗಳ ಕಾಡುಜೇನನ್ನು ೧೯೭೮ರಲ್ಲಿ, ನುಸಿ ಬರುವ ಮುಂಚೆ, ಎಣಿಸಿದ್ದರು. ನುಸಿ ಬಂದು ಹದಿನೈದು ವರ್ಷಗಳ ನಂತರ, ೨೦೦೨ರಲ್ಲಿ ಮತ್ತೆ ಎಣಿಸಿದಾಗ ಗೂಡುಗಳು ಹೆಚ್ಚುಕಡಿಮೆ ಅಷ್ಟೇ ಇದ್ದವು! ನುಸಿ ಇಲ್ಲದೆ ಅಲ್ಲ, ನುಸಿಯೊಡನೆಯೇ. ಅವು ಚಿಕ್ಕ ಪೊಟರೆಗಳಲ್ಲಿ ಚಿಕ್ಕ ಸಂಸಾರವಾಗಿ ಬದುಕುವಂಥವು. ಪದೇ ಪದೇ ಪಾಲಾಗಿ ಹೊರಟುಹೋಗುವುದರಿಂದ ಮರಿಗಳಿಲ್ಲದ ಬಿಡುವು ಬಂದು ನುಸಿಯ ಬಡ್ಡಿ ನಿಲ್ಲುತ್ತದೆ. ಒಂದು ಗೂಡಿನಿಂದ ಇನ್ನೊಂದಕ್ಕೆ ಅರ್ಧ ಮೈಲ ಮೇಲ್ಪಟ್ಟು ದೂರ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ೧೯೯೯ರಲ್ಲಿ ೧೫೦ ಪೆಟ್ಟಿಗೆಗಳನ್ನು ಮದ್ದಿಲ್ಲದೆ ಬಿಟ್ಟು ನೋಡಿದರು. ಬಹುಪಾಲು ಸತ್ತವು; ಉಳಿದ ಕೆಲವು ನುಸಿಯೊಡನೆ ಬಾಳಲು ಕಲಿತವು. ನುಸಿ ಹೊಕ್ಕ ಕಣವನ್ನು ಪತ್ತೆಹಚ್ಚಿ ಬರಿದುಮಾಡುವ ಜೇನಿನ ತಳಿಗಳನ್ನು ಬೆಳೆಸುವ ಕೆಲಸವೂ ಅಮೆರಿಕದ ಪ್ರಯೋಗಾಲಯಗಳಲ್ಲಿ ನಡೆದಿದೆ.

ಆದರೆ ಊರ ನಡುವೆ ನಾಲ್ಕು ಪೆಟ್ಟಿಗೆ ಇಟ್ಟುಕೊಂಡವನ ಹಿತ್ತಿಲು ಕಾಡಲ್ಲ, ದ್ವೀಪವೂ ಅಲ್ಲ. ಅವನ ಗೂಡು ಸೆಪ್ಟೆಂಬರಿನಲ್ಲಿ ಕುಸಿದಾಗ ನೆರೆಯವನ ಬಲಿಷ್ಠ ನೊಣಗಳು ಕಾವಲಿಲ್ಲದ ಜೇನನ್ನು ಸೂರೆಮಾಡಲು ಬರುತ್ತವೆ. ಜೇನಿನ ಜೊತೆಗೆ ನುಸಿಗಳನ್ನೂ ಬೆನ್ನಮೇಲೆ ಹೊತ್ತು ಮನೆಗೆ ಒಯ್ಯುತ್ತವೆ. ಆಗಸ್ಟಿನಲ್ಲಿ ಶ್ರದ್ಧೆಯಿಂದ ಮದ್ದು ಹಾಕಿ ನೂರಕ್ಕೆ ಒಂದಕ್ಕಿಂತ ಕೆಳಗೆ ತಂದವನು ಅಕ್ಟೋಬರಿನಲ್ಲಿ ಎಣಿಸಿದಾಗ ನಾಲ್ಕು ಕಂಡು ಬೆರಗಾಗುವುದು ಈ ದೆಸೆಯಿಂದಲೇ. ತನ್ನ ಗೂಡು ಸಾಯಲೆಂದು ಬಿಡುವ ಹಕ್ಕು ಒಬ್ಬನಿಗಿದ್ದೀತು. ಪಕ್ಕದ ಮನೆಯವನ ಗೂಡಿನ ಮೇಲೆ ಆ ಹಕ್ಕು ಅವನಿಗಿಲ್ಲ. ಮದ್ದು ಹಾಕಿದ ಮೇಲೂ ಎಣಿಸಬೇಕೆನ್ನುವುದಕ್ಕೆ ಇದೊಂದು ಕಾರಣವಾದರೆ, ಮದ್ದು ನಾಟಿದೆಯೋ ಇಲ್ಲವೋ ಎಂದು ತಿಳಿಯಲು ಬೇರೆ ದಾರಿಯಿಲ್ಲವೆಂಬುದು ಇನ್ನೊಂದು.

ನವೆಂಬರ್ ಕಳೆದು ರಾಣಿಯು ಮೊಟ್ಟೆಯಿಡುವುದನ್ನು ನಿಲ್ಲಿಸಿದಾಗ ಕಣಗಳೆಲ್ಲ ಬರಿದಾಗುತ್ತವೆ. ಅಡಗಲು ಸ್ಥಳವಿಲ್ಲದೆ ನುಸಿಗಳೆಲ್ಲವೂ ನೊಣಗಳ ಮೈಮೇಲೆಯೇ ಇರಬೇಕು. ಆಕ್ಸಾಲಿಕ್ ಆಮ್ಲಕ್ಕೆ ಇದೇ ಸುಮುಹೂರ್ತ. ಮೇಣವನ್ನು ದಾಟಲಾರದ ಈ ಆಮ್ಲ ಬೇಸಗೆಯಲ್ಲಿ ಅರೆಗೆಲಸ ಮಾಡಿದರೆ, ಡಿಸೆಂಬರಿನಲ್ಲಿ ಒಂದೇ ಸಲ ಕೊಟ್ಟರೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಉದುರಿಸಬಲ್ಲುದು. ಆದರೆ ಅದು ಉಳಿಸುವುದು ಬರುವ ವರ್ಷದ ಗೂಡನ್ನು. ಈ ವರ್ಷದ ಚಳಿಗಾಲದ ನೊಣಗಳ ಹಣೆಬರಹ ಸೆಪ್ಟೆಂಬರಿನಲ್ಲೇ ಬರೆದಾಗಿರುತ್ತದೆ.

ಆಮೇಲೆ ಪೆಟ್ಟಿಗೆ ತೆರೆಯುವಂತಿಲ್ಲ. ಜನವರಿಯ ಹಿಮದಲ್ಲಿ ನಡೆದುಹೋಗಿ, ಪೆಟ್ಟಿಗೆಯ ಪಕ್ಕಕ್ಕೆ ಕಿವಿ ಹಚ್ಚಿ, ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಒಳಗಿನಿಂದ ಗುಂಯೆಂದು ಮರುದನಿ ಬರಬೇಕು. ಬಂದರೆ ಹಿಂದಿರುಗುವುದು. ಏಪ್ರಿಲ್ ಕೊನೆಯಲ್ಲಿ ಬೆಚ್ಚನೆಯ ದಿನವೊಂದನ್ನು ನೋಡಿ ಜಾಡಿಯನ್ನೂ ಅರ್ಧ ಬಟ್ಟಲನ್ನೂ ಮತ್ತೆ ಹೊರತೆಗೆಯುತ್ತಾರೆ. ಮುನ್ನೂರು ನೊಣಗಳಲ್ಲಿ ಒಂದು ನುಸಿ ಸಿಕ್ಕರೆ ಮುಂದಿನ ಎಣಿಕೆ ಜೂನ್ ತಿಂಗಳಿಗೆ. ಮೂರು ಸಿಕ್ಕರೆ ಅಷ್ಟು ದಿನ ಕಾಯುವಂತಿಲ್ಲ.